ನೂರು ಅಂದ ಮೀಟರು, ಸೊರಗಿದ ಬ್ಯಾಟರಿ

ಬ್ಯಾಟರಿಯಲ್ಲಿ ಇನ್ನೆಷ್ಟು ಉಳಿದಿದೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಅದು ಕೊನೆಯ ಸಲ ಪೂರ್ತಿ ತುಂಬಿದ್ದು ಯಾವಾಗ? ಇದಕ್ಕೆ ಉತ್ತರ ಇಲ್ಲದಿದ್ದರೆ ಮೀಟರಿನಲ್ಲಿ ಕಾಣುವ ಶೇಕಡಾ ಲೆಕ್ಕಕ್ಕೆ ಜಾಸ್ತಿ ಬೆಲೆ ಕೊಡಬೇಕಾಗಿಲ್ಲ. ಆ ಮೀಟರು ಎಷ್ಟೇ ದುಬಾರಿಯದ್ದಿರಲಿ, ಮೊಬೈಲಿಗೆ ಬಣ್ಣ ಬಣ್ಣದ ಗ್ರಾಫ್ ಕಳಿಸುವಂಥದ್ದೇ ಇರಲಿ.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಆಚೆ ದಡ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಗುವ ತನಕ ಪೇಟೆಗೆ ಹೋಗಬೇಕೆಂದರೆ ಲಾಂಚ್ ಕಾಯಬೇಕಿತ್ತು. ಕರೆಂಟೂ ಹಾಗೇ, ಬಂದಾಗ ಬಂತು. ಆರಿದ್ರಾ ಮಳೆ ಹಿಡಿಯಿತೆಂದರೆ ಕಾಡಿನ ಮಧ್ಯೆ ಎಲ್ಲೋ ಒಂದು ಮರ ಲೈನಿನ ಮೇಲೆ ಒರಗುತ್ತದೆ, ಪಾಪ ಲೈನ್‌ಮನ್ ಆ ಮಳೆಯಲ್ಲೇ ಕಂಬದಿಂದ ಕಂಬಕ್ಕೆ ನಡೆದು ಅದನ್ನು ಹುಡುಕಬೇಕು. ನಾಡಿಗೆ ಕರೆಂಟ್ ಕೊಡುವ ನೀರು ನಮ್ಮ ತೋಟದ ಕೆಳಗೇ ನಿಂತಿರುತ್ತದೆ, ನಾವು ಮಾತ್ರ ಸೋಲಾರ್ ನಂಬಿಕೊಂಡು ಕೂತಿರುತ್ತೇವೆ. ಈ ಮಾತು ಹೇಳಿ ಹೇಳಿ ನಮ್ಮ ಕಡೆಯವರಿಗೇ ಬೇಜಾರು ಬಂದಿದೆ, ಬಿಡಿ.

ಇವತ್ತು ಬರೆಯಲು ಹೊರಟಿದ್ದು ಹಾಯಿದೋಣಿಯ ಬ್ಯಾಟರಿ ಬಗ್ಗೆ. ನನ್ನ ಭಾಮೈದ ಗೋವಾದಲ್ಲಿ ದೋಣಿಗಳ ವಯರಿಂಗ್ ಕೆಲಸ ಮಾಡುತ್ತಾನೆ. ಹಾಯಿದೋಣಿ ಅಂದರೆ ಪ್ರವಾಸಿಗರಿಗೆ ಒಂದು ಸುತ್ತು ಹೊಡೆಸುವ ದೋಣಿಯಲ್ಲ. ತಿಂಗಳುಗಟ್ಟಲೆ ಅದರಲ್ಲೇ ಉಂಡು ಮಲಗಿ ದೇಶ ದೇಶ ತಿರುಗುವವರ ದೋಣಿ. ನೌಕಾಪಡೆಯ ತಾರಿಣಿ ಹೆಸರು ಕೇಳಿರುತ್ತೀರಿ. 2017-18ರಲ್ಲಿ ಆರು ಜನ ಮಹಿಳಾ ಅಧಿಕಾರಿಗಳು, ಆಮೇಲೆ 2024-25ರಲ್ಲಿ ಇಬ್ಬರು, ಭೂಮಿಗೇ ಒಂದು ಸುತ್ತು ಹಾಕಿ ಬಂದದ್ದು ಆ ದೋಣಿಯಲ್ಲಿ. ಅದನ್ನು ಕಟ್ಟಿದ್ದೂ ಗೋವಾದಲ್ಲೇ. ಭಾಮೈದನ ಗಿರಾಕಿಗಳು ಅಷ್ಟು ದೊಡ್ಡವರಲ್ಲ, ಹೆಚ್ಚಿನವರು ಕೆಲಸದಿಂದ ನಿವೃತ್ತರಾದ ಗಂಡ ಹೆಂಡತಿ, ಅವರ ಒಂದು ಮಧ್ಯಮ ಗಾತ್ರದ ದೋಣಿ.

ಗಾಳಿಯಲ್ಲಿ ಹೋಗುವ ದೋಣಿಗೆ ಬ್ಯಾಟರಿ ಯಾಕೆ ಅಂತ ನನಗೂ ಮೊದಲು ಅನ್ನಿಸಿತ್ತು. ಹಾಯಿ ಎಳೆಯುವಾಗ ಎಂಜಿನ್ ಆಫ್ ಇರುತ್ತದೆ, ಆದರೆ ಉಳಿದದ್ದೆಲ್ಲ ನಡೆಯಬೇಕು, ಅಲ್ವಾ? ರಾತ್ರಿ ಬೇರೆ ಹಡಗುಗಳಿಗೆ ಕಾಣುವ ಕೆಂಪು ಹಸಿರು ದೀಪ, ಜಿಪಿಎಸ್ ನಕ್ಷೆ, ರೇಡಿಯೋ, ಕುಡಿಯುವ ನೀರಿನ ಪಂಪು, ತಳಕ್ಕೆ ಸೋರಿದ ನೀರನ್ನು ಹೊರಗೆ ಹಾಕುವ ಬಿಲ್ಜ್ ಪಂಪು. ಎಲ್ಲಕ್ಕಿಂತ ಜಾಸ್ತಿ ತಿನ್ನುವವರು ಇಬ್ಬರು. ಸಮುದ್ರದಲ್ಲಿ ಹೋಗುತ್ತಿದ್ದರೆ ಚುಕ್ಕಾಣಿ ಹಿಡಿಯುವ ಆಟೋಪೈಲಟ್, ಲಂಗರು ಹಾಕಿ ನಿಂತಿದ್ದರೆ ಫ್ರಿಜ್. 12 ವೋಲ್ಟಿನ ಚಿಕ್ಕ ಫ್ರಿಜ್ಜು ಓಡುವಾಗ ಎಳೆಯುವುದು ನಾಲ್ಕೈದು ಆಂಪಿಯರ್ ಅಷ್ಟೇ. ಆದರೆ ಸೆಕೆ ಇರುವ ಊರಲ್ಲಿ ಅದು ದಿನದ ಅರ್ಧ ಹೊತ್ತು ಓಡುತ್ತಲೇ ಇರುತ್ತದೆ. ಹಾಗಾಗಿ ದಿನಕ್ಕೆ 50-60 ಆಂಪ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು), ಅಂಗಡಿಯವರ ಬಾಯಲ್ಲಿ ಎಎಚ್, ಅದಕ್ಕೇ ಹೋಯಿತು. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಬೇರೆಯೇ ಇಟ್ಟಿರುತ್ತಾರೆ. ಫ್ರಿಜ್ಜು ತಿಂದು ಮುಗಿಸಿತು ಅಂತ ಎಂಜಿನ್ನೂ ಏಳದಿದ್ದರೆ ಬಂಡೆಗಳ ಹತ್ತಿರ ಗಾಳಿ ತಿರುಗಿದಾಗ ದೇವರೇ ಗತಿ.

ಇನ್ನು ಎಷ್ಟಿದೆ ಅಂತ ನೋಡುವುದು ಹೇಗೆ? ಸುಲಭದ ದಾರಿ ವೋಲ್ಟೇಜ್. 12 ವೋಲ್ಟಿನ ಸೀಸದ ಬ್ಯಾಟರಿ ಪೂರ್ತಿ ತುಂಬಿದ್ದರೆ ಸುಮಾರು 12.7, ಅರ್ಧ ಇದ್ದರೆ 12.2ರ ಹತ್ತಿರ, 11.9ಕ್ಕೆ ಇಳಿಯಿತೆಂದರೆ ತಳ ಕಾಣಲು ಶುರು. ಗಮನಿಸಿ, ತುಂಬಿದ್ದಕ್ಕೂ ಅರ್ಧಕ್ಕೂ ಇರುವ ಅಂತರ ಅರ್ಧ ವೋಲ್ಟ್ ಅಷ್ಟೇ. ಅದೂ ಬ್ಯಾಟರಿಗೆ ಚಾರ್ಜೂ ಇಲ್ಲದೆ ಲೋಡೂ ಇಲ್ಲದೆ ಕೆಲವು ಗಂಟೆ ಸುಮ್ನೆ ಬಿಟ್ಟು ನೋಡಿದರೆ ಮಾತ್ರ. ಆಗಷ್ಟೇ ಬಿಸಿಲಲ್ಲಿ ಚಾರ್ಜ್ ಆಗಿ ನಿಂತ ಬ್ಯಾಟರಿ ಅರ್ಧ ಇದ್ದರೂ 13 ಅನ್ನುತ್ತದೆ. ಯುಪಿಎಸ್ ಮೇಲೆ ಮಿಕ್ಸಿ ತಿರುಗಿಸಿದರೆ ಮುಕ್ಕಾಲು ಇರುವ ಬ್ಯಾಟರಿಯೂ ಕ್ಷಣದಲ್ಲಿ 11.8ಕ್ಕೆ ಕುಸಿದು, ಚಟ್ನಿ ಆದ ಮೇಲೆ ಮತ್ತೆ ಮೇಲೆ ಬರುತ್ತದೆ. ದೋಣಿಯಲ್ಲಂತೂ ಫ್ರಿಜ್ಜು ಗಳಿಗೆಗೊಮ್ಮೆ ಗುಂಯ್ ಅನ್ನುತ್ತಲೇ ಇರುತ್ತದೆ, ಬ್ಯಾಟರಿಗೆ ಬಿಡುವು ಅನ್ನುವುದೇ ಇಲ್ಲ. ವೋಲ್ಟೇಜು ಕೆಲಸಕ್ಕೆ ಬರುವುದು ಬೆಳಗಿನ ಜಾವ, ಪ್ಯಾನೆಲ್ಲಿಗೆ ಬೆಳಕು ಬೀಳುವ ಮೊದಲು, ಫ್ರಿಜ್ಜು ನಿಂತ ಹೊತ್ತಿನಲ್ಲಿ. ಆಗ ನೋಡಿ ಬರೆದಿಟ್ಟರೆ ನಿನ್ನೆಗೂ ಇವತ್ತಿಗೂ ಹೋಲಿಸಬಹುದು.

ನಮ್ಮ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇದೆ. ಹೈಡ್ರೋಮೀಟರ್, ಆಸಿಡ್ಡು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಅಳೆಯುವ ಸಾಧನ. ಟ್ಯೂಬುಲರ್ ಬ್ಯಾಟರಿಯ ಮುಚ್ಚಳ ತೆಗೆದು, ರಬ್ಬರ್ ಬುರುಡೆ ಒತ್ತಿ ಆಸಿಡ್ ಎಳೆದುಕೊಂಡರೆ ಒಳಗಿನ ಗಾಜಿನ ಕಡ್ಡಿ ತೇಲುತ್ತದೆ, ಎಲ್ಲಿಗೆ ತೇಲಿತು ಅಂತ ಓದಿಕೊಳ್ಳುವುದು. 1.24ರಿಂದ 1.26ರ ಒಳಗೆ ಇದ್ದರೆ ತುಂಬಿದೆ, 1.15ರ ಆಸುಪಾಸಿಗೆ ಬಂದರೆ ಖಾಲಿಯ ಲೆಕ್ಕ. ಆರು ಸೆಲ್ಲನ್ನೂ ನೋಡಬೇಕು, ಒಂದು ಸೆಲ್ ಮಾತ್ರ ಕೆಳಗಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿಯುತ್ತಾ ಬಂತು. ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ನೋಡಬಾರದು, ನೀರು ಮೇಲೇ ನಿಂತಿರುತ್ತದೆ, ಒಂದು ಚಾರ್ಜ್ ಆಗಿ ಅದು ಬೆರೆತ ಮೇಲೆ ನೋಡಬೇಕು. ಅಂಗಿಯ ಮೇಲೆ ಒಂದು ಹನಿ ಬಿದ್ದರೂ ಮುಂದಿನ ಒಗೆತಕ್ಕೆ ತೂತು ಖಾತ್ರಿ.

ದೋಣಿಯವರು ಹೆಚ್ಚಾಗಿ ಈ ಥರದ ಬ್ಯಾಟರಿ ಇಟ್ಟುಕೊಳ್ಳುವುದಿಲ್ಲ. ಗಾಳಿಗೆ ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡೇ ಹೋಗುತ್ತದೆ, ಆಸಿಡ್ ಚೆಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದು, ಸಮುದ್ರದ ಉಪ್ಪುನೀರು ಬ್ಯಾಟರಿಯ ಆಸಿಡ್ಡಿಗೆ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ದೋಣಿಯ ಹೊಟ್ಟೆಯಲ್ಲಿ ಅದು ವಿಷ. ಹಾಗಾಗಿ ಅಲ್ಲಿ ಎಜಿಎಂ, ಜೆಲ್ ಎನ್ನುವ ಸೀಲ್ ಮಾಡಿದ ಸೀಸದ ಬ್ಯಾಟರಿಗಳು, ಈಗೀಗ ಲಿಥಿಯಂ. ಸೀಲ್ ಆದ ಮೇಲೆ ಹೈಡ್ರೋಮೀಟರ್ ಇಳಿಸುವುದೆಲ್ಲಿಂದ? ಹಾಗಾಗಿ ಅವರು ನಂಬಿರುವುದು ಲೆಕ್ಕದ ಮೀಟರನ್ನು.

ಈ ಮೀಟರಿನ ಪ್ರಾಣ ಇರುವುದು ಶಂಟ್ ಎನ್ನುವ ತುಂಡಿನಲ್ಲಿ. ಬ್ಯಾಟರಿಯ ನೆಗೆಟಿವ್ ದಾರಿಯಲ್ಲಿ ಕೂರಿಸುವ ದಪ್ಪ ಹಿತ್ತಾಳೆಯ ಎರಡು ಗಟ್ಟಿ, ಮಧ್ಯೆ ಲೋಹದ ಪಟ್ಟಿಗಳು. ಅದರ ಮೇಲೆ 500 ಆಂಪ್, 50 ಮಿಲಿವೋಲ್ಟ್ ಅಂತ ಬರೆದಿರುತ್ತದೆ. ಅಂದರೆ 500 ಆಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ವ್ಯತ್ಯಾಸ ಕಾಣುತ್ತದೆ. 5 ಆಂಪಿಯರ್ ಹರಿದರೆ ಅರ್ಧ ಮಿಲಿವೋಲ್ಟ್. ಆ ಚೂರನ್ನು ಅಳೆದು, ಒಳಗೆ ಎಷ್ಟು ಬಂತು ಹೊರಗೆ ಎಷ್ಟು ಹೋಯಿತು ಅಂತ ಮೀಟರು ಹಗಲೂ ರಾತ್ರಿ ಕೂಡಿ ಕಳೆಯುತ್ತಾ ಇರುತ್ತದೆ. 400 ಎಎಚ್ ಬ್ಯಾಟರಿಯಿಂದ 100 ಹೋಗಿದ್ದರೆ ಉಳಿದದ್ದು ಶೇಕಡಾ 75.

ಮಳೆಗಾಲದಲ್ಲಿ ಪೇಪರಿನಲ್ಲಿ ಲಿಂಗನಮಕ್ಕಿಯ ಮಟ್ಟ ಬರುತ್ತದಲ್ಲ, ಗರಿಷ್ಠ 1819 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ. ಡ್ಯಾಮಿನ ವಿಷಯದಲ್ಲಿ ನಾವು ಪುಣ್ಯವಂತರು. ಹರಿವಿನ ಲೆಕ್ಕ ತಪ್ಪಿದರೂ ಗೋಡೆಯ ಮೇಲೆ ಮಟ್ಟ ಕಾಣುತ್ತದೆ, ನೋಡಿ ತಿದ್ದಿಕೊಳ್ಳಬಹುದು. ಬ್ಯಾಟರಿಯಲ್ಲಿ ಆ ಗೋಡೆ ಕಾಣುವುದಿಲ್ಲ. ಹರಿವಿನ ಲೆಕ್ಕ ಮಾತ್ರ ಕೈಗೆ ಸಿಗುವುದು. ಅದಕ್ಕೇ ಅದು ಯಾವತ್ತೋ ಒಂದು ದಿನ ಕೋಡಿ ಬಿದ್ದು, ಇವತ್ತು ನಿಜವಾಗಿ ತುಂಬಿದೆ ಅಂತ ಖಾತ್ರಿಯಾಗಬೇಕು. ಅಲ್ಲಿಂದ ಲೆಕ್ಕ ಹೊಸದಾಗಿ ಶುರು. ಅಲ್ಲಿಯ ತನಕ ಮೀಟರು ಹೇಳುವುದು ಅಂದಾಜು, ದಿನ ಕಳೆದಷ್ಟೂ ಅಂದಾಜು ಹಳಸುತ್ತದೆ.

ಹಳಸಲು ಕಾರಣಗಳು ಬೇಕಾದಷ್ಟಿವೆ. ಸೀಸದ ಬ್ಯಾಟರಿಗೆ 100 ಹಾಕಿದರೆ 100 ವಾಪಸು ಬರುವುದಿಲ್ಲ, ಸ್ವಲ್ಪ ಶಾಖವಾಗಿ, ಗುಳ್ಳೆಯಾಗಿ ಹೋಗುತ್ತದೆ. ಎಷ್ಟು ಹೋಗುತ್ತದೆ ಎನ್ನುವುದಕ್ಕೆ ಮೀಟರಿನಲ್ಲಿ ಒಂದು ಅಂದಾಜು ತುಂಬಿರುತ್ತೇವೆ ಅಷ್ಟೇ. ಬ್ಯಾಟರಿಗೆ ವಯಸ್ಸಾಗಿ 400 ಎನ್ನುವುದು 300 ಆಗಿರುತ್ತದೆ, ಮೀಟರಿಗೆ ಅದನ್ನು ಯಾರೂ ಹೇಳಿರುವುದಿಲ್ಲ. ಇನ್ನೊಂದು, ವೇಗವಾಗಿ ಎಳೆದರೆ ಬ್ಯಾಟರಿ ಕಡಿಮೆ ಕೊಡುತ್ತದೆ. 1897ರಲ್ಲೇ ಪ್ಯೂಕರ್ಟ್ ಎನ್ನುವ ಜರ್ಮನ್ ವಿಜ್ಞಾನಿ ಇದಕ್ಕೆ ಸೂತ್ರ ಕೊಟ್ಟಿದ್ದಾನೆ. ನಮ್ಮ ಅಂಗಡಿಗಳಲ್ಲಿ ಯುಪಿಎಸ್ ಬ್ಯಾಟರಿ ಮೇಲೆ ಸಿ20, ಸೋಲಾರ್ ಬ್ಯಾಟರಿ ಮೇಲೆ ಸಿ10 ಅಂತ ಬರೆದಿರುವುದು ಇದೇ ವಿಷಯ. 150 ಎಎಚ್ ಸಿ20 ಅಂದರೆ 20 ಗಂಟೆ ಹೊತ್ತು ಏಳೂವರೆ ಆಂಪಿಯರ್‌ನಂತೆ ನಿಧಾನವಾಗಿ ಎಳೆದರೆ ಮಾತ್ರ 150. ಸಿ10ರ 150 ಅಂದರೆ ಹತ್ತೇ ಗಂಟೆಯಲ್ಲಿ ಎಳೆದರೂ ಅಷ್ಟು ಕೊಡುತ್ತದೆ. ಎರಡಕ್ಕೂ ಒಂದೇ ನಂಬರು ಅಂತ ಕಡಿಮೆ ಬೆಲೆಯದನ್ನು ಎತ್ತಿಕೊಂಡು ಬರುವ ಮೊದಲು ಇದನ್ನು ಓದಿ.

ಆದರೆ ಭಾಮೈದ ಹೇಳುವ ಪ್ರಕಾರ ಮೀಟರು ಸುಳ್ಳಾಡುವುದಕ್ಕೆ ಇದ್ಯಾವುದೂ ಮೊದಲ ಕಾರಣವಲ್ಲ. ಮೊದಲ ಕಾರಣ ವಯರು. ಅಡಿಕೆ ಕೊಯ್ಲು ಮುಗಿದ ಮೇಲೆ ಗೋವಾಕ್ಕೆ ಹೋಗಿದ್ದಾಗ ಅವನ ಜೊತೆ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ್ದ ಒಂದು ದೋಣಿಗೆ ಹೋಗಿದ್ದೆ. ದೋಣಿಯವರ ದೂರು ವಿಚಿತ್ರವಾಗಿತ್ತು. ಮೀಟರು ದಿನಾ ಮಧ್ಯಾಹ್ನ ನೂರಕ್ಕೆ ನೂರು ತೋರಿಸುತ್ತದೆ, ರಾತ್ರಿ ಕಳೆದರೂ ತೊಂಬತ್ತರ ಮೇಲೇ ಇರುತ್ತದೆ, ಆದರೆ ಬೆಳಗ್ಗೆ ಏಳುವಷ್ಟರಲ್ಲಿ ಫ್ರಿಜ್ಜು ತಾನಾಗೇ ನಿಂತಿರುತ್ತದೆ. ಬ್ಯಾಟರಿ ಕೆಟ್ಟಿದೆ, ಹೊಸದು ಹಾಕಿಸಬೇಕು ಅಂತ ಅವರು ಆಗಲೇ ತೀರ್ಮಾನಕ್ಕೆ ಬಂದಿದ್ದರು.

ಮಲಗುವ ಸೀಟಿನ ಹಲಗೆ ಎತ್ತಿದರೆ ಕೆಳಗೆ ಬ್ಯಾಟರಿಗಳು. ಡೀಸೆಲ್ ಮತ್ತು ಒದ್ದೆ ಹಗ್ಗದ ವಾಸನೆ. ಭಾಮೈದ ಮಲ್ಟಿಮೀಟರ್ ತೆಗೆಯುವ ಮೊದಲೇ ಟಾರ್ಚ್ ಹಿಡಿದು, "ಭಾವ, ನೆಗೆಟಿವ್ ಬೋಲ್ಟ್ ಮೇಲೆ ಎಷ್ಟು ವಯರ್ ಇದೆ ನೋಡಿ" ಅಂದ. ಎರಡಿದ್ದವು. ಒಂದು ಹೆಬ್ಬೆರಳು ದಪ್ಪದ ಹಳೇ ಕೇಬಲ್ಲು, ಅದು ಶಂಟಿಗೆ ಹೋಗುತ್ತಿತ್ತು. ಅದರ ಮೇಲೆ ಇನ್ನೊಂದು ತೆಳು ಕಪ್ಪು ವಯರು, ಅದರ ತುದಿಯ ಲೋಹದ ಲಗ್ಗು ಇನ್ನೂ ಫಳಫಳ ಹೊಳೆಯುತ್ತಿತ್ತು. ಆ ತೆಳು ವಯರಿನ ಬೆನ್ನು ಹತ್ತಿದರೆ ಹಲಗೆಯ ಸಂದಿಯಲ್ಲಿ ನುಗ್ಗಿ, ನೀರಿನ ಟ್ಯಾಂಕಿನ ಹಿಂದೆ ಸುತ್ತಿ, ನೇರ ಫ್ರಿಜ್ಜಿಗೆ. ಯಾರೋ ಫ್ರಿಜ್ಜು ಬದಲಿಸಿದವರು ಹತ್ತಿರ ಸಿಕ್ಕಿದ ಬೋಲ್ಟಿಗೆ ಸಿಕ್ಕಿಸಿ ಕೈ ತೊಳೆದುಕೊಂಡಿದ್ದರು. ಅಂದರೆ ದೋಣಿಯ ಅತಿ ದೊಡ್ಡ ಹೊಟ್ಟೆಬಾಕ ಶಂಟಿನ ಕಣ್ಣಿಗೆ ಬೀಳದೆ ಹಿಂಬಾಗಿಲಿನಿಂದ ಊಟ ಮಾಡುತ್ತಿತ್ತು. 100 ವಾಟಿನ ಪ್ಯಾನೆಲ್ಲಿಂದ ದಿನಕ್ಕೆ 30 ಎಎಚ್ ಒಳಗೆ ಬರುವುದು ಮೀಟರಿಗೆ ಗೊತ್ತಾಗುತ್ತಿತ್ತು, ದೀಪ ಪಂಪುಗಳಿಗೆ ಹತ್ತು ಹನ್ನೆರಡು ಹೋಗುವುದೂ ಗೊತ್ತಾಗುತ್ತಿತ್ತು, ಫ್ರಿಜ್ಜಿನ 50 ಮಾತ್ರ ಗೊತ್ತಾಗುತ್ತಿರಲಿಲ್ಲ. ಬ್ಯಾಟರಿ ದಿನಾ 30ರಷ್ಟು ಬತ್ತುತ್ತಾ ಹೋದ ಹಾಗೆ ಮೀಟರು ಹಿಗ್ಗುತ್ತಾ ಹೋಗಿ ನೂರಕ್ಕೆ ತಾಗಿ ನಿಂತಿತ್ತು.

ಬ್ಯಾಟರಿಯ ನೆಗೆಟಿವ್ ಮೇಲೆ ಒಂದೇ ಕೇಬಲ್ ಇರಬೇಕು, ಅದು ಶಂಟಿಗೆ. ಉಳಿದ ಎಲ್ಲರೂ, ಸೋಲಾರ್, ಎಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್, ಫ್ರಿಜ್ಜು, ಶಂಟಿನ ಆಚೆ ಕಡೆ. ಬಿಲ್ಜ್ ಪಂಪಿನ ಪಾಸಿಟಿವ್ ಮಾತ್ರ ಮೇನ್ ಸ್ವಿಚ್ಚಿನ ಮೊದಲೇ ತೆಗೆದುಕೊಂಡಿರುತ್ತಾರೆ, ದೋಣಿ ಬೀಗ ಹಾಕಿ ಹೋದಾಗಲೂ ಅದು ಓಡಬೇಕಲ್ಲ. ಆದರೆ ಅದರ ನೆಗೆಟಿವ್ ಕೂಡ ಶಂಟಿನ ಆಚೆಗೇ. ಸೋಲಾರಿನ ನೆಗೆಟಿವ್ ಹೀಗೆ ಬ್ಯಾಟರಿಗೆ ನೇರ ಹೋಗಿದ್ದರೆ ಕಥೆ ಉಲ್ಟಾ, ಬ್ಯಾಟರಿ ತುಂಬಿದ್ದರೂ ಮೀಟರು ಖಾಲಿ ಖಾಲಿ ಅಂತ ಗೋಳಾಡುತ್ತದೆ. ವಯರು ಜಾಗಕ್ಕೆ ಹೋಯಿತು, ಹೊಸ ಬ್ಯಾಟರಿಯ ಖರ್ಚು ಉಳಿಯಿತು. ಉಳಿಯಿತು ಅನ್ನುವುದೂ ಪೂರ್ತಿ ಸರಿಯಲ್ಲ, ಯಾಕೆಂದರೆ ಅಷ್ಟು ದಿನ ಅರೆಹೊಟ್ಟೆಯಲ್ಲಿ ಇದ್ದ ಸೀಸದ ಬ್ಯಾಟರಿ ಮೊದಲಿನಂತೆ ಆಗುವುದಿಲ್ಲ.

ಇದು ಸೀಸದ ಬ್ಯಾಟರಿಯ ಜಾತಕ. ಕಡಿಮೆ ಚಾರ್ಜಿನಲ್ಲಿ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಅಷ್ಟು ಜಾಗ ಶಾಶ್ವತವಾಗಿ ಹೋದ ಹಾಗೆ. ಹಾಗಂತ ತುಂಬಿಸೋಣ ಅಂದರೆ ಎಂಜಿನ್ನಿನ ಆಲ್ಟರ್ನೇಟರು ಎಂಬತ್ತರ ತನಕ ಬೇಗ ಏರಿಸುತ್ತದೆ, ಮೇಲಿನ ಇಪ್ಪತ್ತಕ್ಕೆ ಬ್ಯಾಟರಿ ತಾನೇ ಕರೆಂಟ್ ಒಲ್ಲೆ ಅನ್ನುತ್ತದೆ, ಗಂಟೆಗಟ್ಟಲೆ ಎಂಜಿನ್ ಓಡಿಸಿ ಡೀಸೆಲ್ ಸುಡಬೇಕು. ಸುಂದರವಾದ ಖಾರಿಯಲ್ಲಿ ನಿಂತು ಡುಗುಡುಗು ಅನ್ನಿಸಿಕೊಂಡು ಯಾರು ಕೂರುತ್ತಾರೆ? ಆಫ್ ಮಾಡುತ್ತಾರೆ. ಹೀಗೆ ತಿಂಗಳುಗಟ್ಟಲೆ ಐವತ್ತಕ್ಕೂ ಎಂಬತ್ತಕ್ಕೂ ನಡುವೆ ಬ್ಯಾಟರಿ ಜೀವ ಸವೆಸುತ್ತದೆ. ಸೋಲಾರ್ ಬಂದ ಮೇಲೆ ಆ ಕೊನೆಯ ಇಪ್ಪತ್ತನ್ನು ಸದ್ದಿಲ್ಲದೆ ತುಂಬುವ ಕೆಲಸ ಅದರದ್ದಾಯಿತು. 14.4 ವೋಲ್ಟಿನಲ್ಲಿ ನಿಂತು, ಒಳಗೆ ಹೋಗುವ ಕರೆಂಟು ಬ್ಯಾಟರಿ ಅಳತೆಯ ಶೇಕಡಾ ಒಂದೆರಡಕ್ಕೆ, ಅಂದರೆ 400 ಎಎಚ್‌ಗೆ ನಾಲ್ಕರಿಂದ ಎಂಟು ಆಂಪಿಯರ್‌ಗೆ ಇಳಿದರೆ, ತುಂಬಿತು.

ಇಲ್ಲೇ ನಮ್ಮ ಮಲೆನಾಡಿನ ಮಳೆಗಾಲದವರು ಕಿವಿ ನಿಮಿರಿಸಬೇಕಾದ ಒಂದು ವಿಷಯ ಇದೆ. ಮೀಟರು ಬ್ಯಾಟರಿ ತುಂಬಿತು ಅಂತ ತಿಳಿದುಕೊಳ್ಳುವುದು ಎರಡು ಗುರುತಿನಿಂದ. ವೋಲ್ಟೇಜು ಒಂದು ಮಟ್ಟದ ಮೇಲಿರಬೇಕು, ಕರೆಂಟು ಒಂದು ಮಟ್ಟದ ಕೆಳಗೆ ಇಳಿದಿರಬೇಕು. ಎರಡೂ ಕೆಲವು ನಿಮಿಷ ಹಾಗೇ ಇದ್ದರೆ ಅದು ಲೆಕ್ಕವನ್ನು ನೂರಕ್ಕೆ ತಂದು ಕೂರಿಸುತ್ತದೆ. ಕೆಲವು ಮೀಟರುಗಳಲ್ಲಿ ಕಂಪನಿಯಿಂದ ಬರುವಾಗ ಆ ವೋಲ್ಟೇಜು 13.2ಕ್ಕೆ ಇರುತ್ತದೆ. ಈಗ ಪುಷ್ಯ ಮಳೆಯ ಒಂದು ದಿನ ನೆನೆಸಿಕೊಳ್ಳಿ. ಹನ್ನೊಂದು ಗಂಟೆಗೆ ಒಂದು ಹೊಳವು, ಹತ್ತು ನಿಮಿಷ ಬಿಸಿಲು, ಬ್ಯಾಟರಿ ವೋಲ್ಟೇಜು 13.5ಕ್ಕೆ ಏರಿತು. ಆಮೇಲೆ ದಟ್ಟ ಮೋಡ. ಪ್ಯಾನೆಲ್ಲಿನ ಕರೆಂಟು ಒಂದೆರಡು ಆಂಪಿಯರ್‌ಗೆ ಬಿತ್ತು, ವೋಲ್ಟೇಜು ಇಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕು. ಮೀಟರಿಗೆ ಎರಡೂ ಗುರುತು ಸಿಕ್ಕಿತು. ಬ್ಯಾಟರಿ ತುಂಬಿ ಕರೆಂಟು ಇಳಿದದ್ದೋ ಮೋಡ ಕವಿದು ಇಳಿದದ್ದೋ, ಅದಕ್ಕೇನು ಗೊತ್ತು? ಅರವತ್ತರಲ್ಲಿದ್ದದ್ದು ನೂರಾಯಿತು. ಅದಕ್ಕೆ ಆ ಸೆಟ್ಟಿಂಗನ್ನು ಮೇಲೆ, 14.4ರ ಚಾರ್ಜರ್ ಇದ್ದರೆ 14.2ರ ಹತ್ತಿರ ಇಡಬೇಕು, ಕಾಯುವ ನಿಮಿಷಗಳನ್ನೂ ಜಾಸ್ತಿ ಮಾಡಬೇಕು. ವರ್ಷಕ್ಕೆ 7 ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆ ಕಡೆಯವರು ಇದನ್ನು ಮೊದಲ ದಿನವೇ ಮಾಡಿಬಿಡುವುದು ಒಳ್ಳೆಯದು.

ಮಳೆಗಾಲದಲ್ಲಿ ಸೋಲಾರಿನಿಂದ ನಿಜವಾದ ನೂರು ಅಪರೂಪ. ನಮ್ಮ ಮನೆಯಲ್ಲಿ ಮಾಡುವುದಿಷ್ಟೇ. ಲೈನು ಸರಿಯಾಗಿ ಕರೆಂಟ್ ಹೋಗದೆ ಇದ್ದ ದಿನ ಯುಪಿಎಸ್ಸನ್ನು ಗ್ರಿಡ್ಡಿಗೆ ಬಿಟ್ಟು ಇಡೀ ರಾತ್ರಿ ಚಾರ್ಜಿಗೆ ಹಾಕುವುದು. ಎರಡು ಗಂಟೆ ಹಾಕಿ ಹಸಿರು ದೀಪ ಬಂತು ಅಂತ ತೆಗೆಯುವುದಲ್ಲ. ಬೆಳಗ್ಗೆ ಹೈಡ್ರೋಮೀಟರ್ ಇಳಿಸಿ ನೋಡಿ, ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಸುತ್ತು. ಮೀಟರಿಗಿಂತ ಮೊದಲು ಈಗ ನಾನು ನೋಡುವುದು ಆ ಸುತ್ತನ್ನು. ಅದಾಗಿ ವಾರ ಕಳೆದಿದ್ದರೆ ಮೀಟರಿನ ಎಪ್ಪತ್ತನ್ನು ಐವತ್ತು ಅಂದುಕೊಂಡೇ ಟಿವಿ ಹಾಕುವುದು.

ಹಾಗೆಯೇ ಲೆಕ್ಕ ಹಾಕುತ್ತಾ ಹೋದರೆ ಮನೆಯಲ್ಲೂ ಒಂದು ಫ್ರಿಜ್ಜಿನ ಕಥೆ ಸಿಗುತ್ತದೆ. 9 ವಾಟಿನ ನಾಲ್ಕು ಬಲ್ಬು ನಾಲ್ಕು ಗಂಟೆ ಉರಿದರೆ 12 ವೋಲ್ಟಿನ ಬ್ಯಾಟರಿಯಿಂದ 12 ಎಎಚ್. ಎಲ್ಲರೂ ಬೈಯುವುದು ಈ ಬಲ್ಬುಗಳನ್ನೇ, "ಲೈಟ್ ಆರಿಸ್ರೋ" ಅಂತ. ಮೂಲೆಯಲ್ಲಿ ಮಿಣುಕುವ 10 ವಾಟಿನ ವೈಫೈ ಪೆಟ್ಟಿಗೆ 24 ಗಂಟೆಗೆ ತಿನ್ನುವುದು 20. ಅದಕ್ಕಿಂತ ಜಾಸ್ತಿ ತಿನ್ನುವುದು ಸ್ವತಃ ಯುಪಿಎಸ್. ಏನೂ ಲೋಡ್ ಇಲ್ಲದೆ ಸುಮ್ನೆ ಆನ್ ಇರುವುದಕ್ಕೇ ಹಲವಕ್ಕೆ 15-20 ವಾಟ್ ಬೇಕು, ಅಂದರೆ ದಿನಕ್ಕೆ 30-40 ಎಎಚ್. 150ರ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತಿದ್ದರೆ ಕೈಯಲ್ಲಿರುವುದೇ 75. ಅದರಲ್ಲಿ ಅರ್ಧದಷ್ಟು ಯುಪಿಎಸ್ ಇರುವುದಕ್ಕೇ ಹೋಯಿತು. ದೋಣಿಯವರು ಫ್ಯಾನು, ದೀಪ, ಪಂಪು ಎಲ್ಲವನ್ನೂ 12 ವೋಲ್ಟಿನದ್ದೇ ಇಟ್ಟುಕೊಂಡು, 230 ವೋಲ್ಟ್ ಮಾಡುವ ಇನ್ವರ್ಟರನ್ನು ಬೇಕಾದಾಗ ಮಾತ್ರ ಒತ್ತುವುದು ಇದಕ್ಕೇ. ನಾವೂ ಜಗಲಿಗೆ, ಅಡುಗೆಮನೆಗೆ, ಕೊಟ್ಟಿಗೆಗೆ 12 ವೋಲ್ಟಿನ ಬಲ್ಬು ಎಳೆಸಿಕೊಂಡಿದ್ದೇವೆ. ಜಡಿಮಳೆಯ ವಾರಗಳಲ್ಲಿ ಯುಪಿಎಸ್ ಆಫ್, ವೈಫೈ ಸಂಜೆ ಮಾತ್ರ. ಮಕ್ಕಳ ಗೊಣಗಾಟ ಇದ್ದದ್ದೇ.

ಲಿಥಿಯಂ ಹಾಕಿಸಿದರೆ ಈ ತಲೆನೋವೆಲ್ಲ ಇರುವುದಿಲ್ಲ ಅಲ್ವಾ ಅಂತ ಪಕ್ಕದ ಮನೆಯವರು ಕೇಳುತ್ತಿರುತ್ತಾರೆ. ಅರ್ಧ ನಿಜ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಅರೆಹೊಟ್ಟೆ ಅಭ್ಯಾಸವೇ, ವಾರಕ್ಕೊಮ್ಮೆ ತುಂಬಿಸಲೇಬೇಕು ಅಂತಿಲ್ಲ. ಹಾಕಿದ್ದು ಹೆಚ್ಚುಕಡಿಮೆ ಪೂರ್ತಿ ವಾಪಸು ಬರುತ್ತದೆ. ಆದರೆ ಅದರ ವೋಲ್ಟೇಜು ಎಂಬತ್ತರಿಂದ ಇಪ್ಪತ್ತರ ತನಕ 13ರ ಆಸುಪಾಸಿನಲ್ಲೇ ಸಪಾಟಾಗಿ ನಿಂತಿರುತ್ತದೆ, ನೋಡಿ ಏನೂ ಹೇಳುವ ಹಾಗಿಲ್ಲ. ಲೆಕ್ಕದ ಮೀಟರು ಅಲ್ಲಿ ಇನ್ನೂ ಅಗತ್ಯ, ಅದರ ಲೆಕ್ಕ ಸರಿಮಾಡಲಾದರೂ ಆಗಾಗ ಪೂರ್ತಿ ತುಂಬಿಸಬೇಕು. ಸೀಸದ ಬ್ಯಾಟರಿ ಮುಗಿಯುವಾಗ ದೀಪ ಮಂಕಾಗಿ ಮುನ್ಸೂಚನೆ ಕೊಡುತ್ತದೆ, ಲಿಥಿಯಮ್ಮಿನ ಒಳಗಿನ ಬಿಎಂಎಸ್ ಎನ್ನುವ ಕಾವಲು ಸರ್ಕ್ಯೂಟು ಒಂದೇ ಏಟಿಗೆ ಕಟ್ ಮಾಡುತ್ತದೆ. ಮನೆಯಲ್ಲಾದರೆ ಮೇಣದಬತ್ತಿ ಹುಡುಕುತ್ತೇವೆ. ದೋಣಿಯಲ್ಲಿ ದೀಪ, ನಕ್ಷೆ, ಆಟೋಪೈಲಟ್ ಮೂರೂ ಒಟ್ಟಿಗೆ ಹೋಗುತ್ತದೆ. ತುಂಬಿ ಜಾಸ್ತಿಯಾಗಿ ಕಟ್ ಆದರೆ ಇನ್ನೊಂದು ರಗಳೆ, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಹಠಾತ್ ಕಳಚಿಕೊಂಡರೆ ಆಲ್ಟರ್ನೇಟರಿನ ಡಯೋಡುಗಳು ಸುಟ್ಟು ಹೋಗಬಹುದು. ಅದಕ್ಕೆ ಪ್ರತ್ಯೇಕ ರಕ್ಷಣೆ ಹಾಕಿಸಬೇಕು.

ಭಾಮೈದನ ಗಿರಾಕಿಗಳು ಈಗ ಒಬ್ಬೊಬ್ಬರಾಗಿ ಲಿಥಿಯಮ್ಮಿಗೆ ಹೋಗುತ್ತಿದ್ದಾರೆ, ತೂಕ ಕಡಿಮೆ, ಅದು ದೋಣಿಗೆ ದೊಡ್ಡ ಲಾಭ. ನಮ್ಮ ಜಗಲಿಯ ಮೂಲೆಗೆ ತೂಕದ ಚಿಂತೆ ಇಲ್ಲ. ಹಳೇ ಸೀಸದ ಬ್ಯಾಟರಿ ಕೊಟ್ಟರೆ ಸಾಗರ ಪೇಟೆಯಲ್ಲಿ ತೂಕ ಹಾಕಿ ಹೊಸದರ ಬಿಲ್ಲಿನಲ್ಲಿ ಕಳೆಯುತ್ತಾರೆ, ಲಿಥಿಯಮ್ಮಿಗೆ ಆ ವ್ಯವಹಾರ ನಾನಂತೂ ಇನ್ನೂ ಕಂಡಿಲ್ಲ. ಹಾಗಾಗಿ ನನ್ನ ಮುಂದಿನ ಖರೀದಿಯೂ ಟ್ಯೂಬುಲರ್ರೇ, ಸಿ10ದ್ದು. ಶಂಟ್ ಮಾತ್ರ ಈಗಿರುವುದನ್ನೇ ಕಳಚಿ ಹಾಕಿಸಿಕೊಳ್ಳುತ್ತೇನೆ, ವಯರು ಸೇರಿಸುವ ಹೊತ್ತಿಗೆ ಭಾಮೈದ ಊರಿಗೆ ಬಂದಿರಬೇಕು ಅಷ್ಟೆ.